ಲೈವ್‌ನಲ್ಲಿ ವೀಣೆ: ಚಿತ್ರ ಯಾಕೆ ಮಿಣುಕುತ್ತದೆ, ಜನ ಯಾಕೆ ಎದ್ದು ಹೋಗುತ್ತಾರೆ?

ಪ್ರಶ್ನೆ: ನಾನು ವೀಣೆ ಪಾಠ ಮಾಡುವವಳು. ಭಾನುವಾರ ಸಂಜೆ ಲ್ಯಾಪ್‌ಟಾಪಿಗೆ ವೆಬ್‌ಕ್ಯಾಮ್ ಸಿಕ್ಕಿಸಿ ಯೂಟ್ಯೂಬ್‌ನಲ್ಲಿ ಒಂದು ಗಂಟೆ ಲೈವ್ ನುಡಿಸುತ್ತೇನೆ. ಚಿತ್ರದಲ್ಲಿ ಕಪ್ಪು ಪಟ್ಟಿಗಳು ಓಡಾಡುತ್ತವೆ. ಬೆರಳು ಜೋರಾಗಿ ಓಡಿದರೆ ಮಸುಕಾಗುತ್ತದೆ. ಮೊದಲು ಬಂದವರು ಸ್ವಲ್ಪ ಹೊತ್ತಿನಲ್ಲೇ ಹೊರಟುಹೋಗುತ್ತಾರೆ. ಇನ್ನೊಂದು ಕ್ಯಾಮೆರಾ ತಗೊಳ್ಳಲಾ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಲೇ ಬೇಡ. ದುಡ್ಡು ಹಾಕುವುದಾದರೆ ಬೆಳಕಿಗೆ ಹಾಕಿ.

ಪಟ್ಟಿಗಳ ವಿಷಯ ಸುಲಭ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಎಷ್ಟೋ ವೆಬ್‌ಕ್ಯಾಮ್‌ಗಳು ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿಕೊಂಡೇ ಬಂದಿರುತ್ತವೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಆಂಟಿ ಫ್ಲಿಕರ್’ ಅಥವಾ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಅಂತ ಇರುತ್ತದೆ, 50 ಮಾಡಿ.

ಬೆರಳು ಮಸುಕಾಗುವುದಕ್ಕೂ ಬೆಳಕೇ ಕಾರಣ. ಬೆಳಕು ಸಾಲದಿದ್ದರೆ ವೆಬ್‌ಕ್ಯಾಮ್ ಒಂದೊಂದು ಫ್ರೇಮಿಗೂ (ವಿಡಿಯೊದ ಒಂದೊಂದು ಬಿಡಿ ಚಿತ್ರಕ್ಕೂ) ಜಾಸ್ತಿ ಹೊತ್ತು ತಗೊಳ್ಳುತ್ತದೆ. ಸೆಕೆಂಡಿಗೆ 30 ಇದ್ದ ಫ್ರೇಮುಗಳು 15ಕ್ಕೆ ಇಳಿದರೂ ಇಳಿದವು. ಆಗ ನಿಮ್ಮ ಗಮಕ ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣಲ್ಲ. ಎಕ್ಸ್‌ಪೋಷರ್ (ಕ್ಯಾಮೆರಾ ಎಷ್ಟು ಬೆಳಕು ತಗೊಳ್ಳಬೇಕು ಅನ್ನುವುದು) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಆಟೊದಿಂದ ತೆಗೆದು ಒಂದು ಕಡೆ ನಿಲ್ಲಿಸಿ. ಇಲ್ಲದಿದ್ದರೆ ನೀವು ಕೆಂಪು ರೇಷ್ಮೆ ಸೀರೆಯಲ್ಲಿ ಮುಂದಕ್ಕೆ ಬಾಗಿದಾಗಲೆಲ್ಲ ಹಿಂದಿನ ಗೋಡೆ ಬಣ್ಣ ಬದಲಾಯಿಸುತ್ತಿರುತ್ತದೆ. ಹಳದಿ ಬಲ್ಬು ಒಂದು ಕಡೆ, ಬಿಳಿ ಟ್ಯೂಬು ಇನ್ನೊಂದು ಕಡೆ ಇಡಬೇಡಿ. ಲೈಟನ್ನು ವೀಣೆಗೆ ನೇರವಾಗಿ ಬಿಡುವುದಕ್ಕಿಂತ ಪಕ್ಕದ ಬಿಳಿ ಗೋಡೆಗೆ ಹೊಡೆಯಿರಿ. ಪಾಲಿಶ್ ಮಾಡಿದ ಬೀಟೆ ಮರದ ಮೇಲೆ ಬೆಳಕು ನೇರ ಬಿದ್ದರೆ ಕೊಡದ ಮೇಲೆ ಬಿಳೀ ಕಲೆಯೊಂದೇ ಕಾಣುತ್ತದೆ. ಸೀರೆಯ ಬಗ್ಗೆ ಹೇಳುವುದು ಸ್ವಲ್ಪ ಅಧಿಕಪ್ರಸಂಗ ಇರಬಹುದು, ಆದರೂ ಹೇಳುತ್ತೇನೆ: ಸಣ್ಣ ಸಣ್ಣ ಚೌಕಳಿ ಬೇಡ. ವೆಬ್‌ಕ್ಯಾಮ್‌ನಲ್ಲಿ ಅದು ಹುಳ ಹರಿದ ಹಾಗೆ ಅಲುಗುತ್ತದೆ.

ಇನ್ನು ಕ್ಯಾಮೆರಾ ಇಡುವ ಜಾಗ. ಲ್ಯಾಪ್‌ಟಾಪ್ ಮುಂದಿಟ್ಟು ನುಡಿಸಿದರೆ ಮುಖ ಮತ್ತು ಸೀಲಿಂಗ್ ಫ್ಯಾನ್ ಚೆನ್ನಾಗಿ ಬರುತ್ತದೆ, ವೀಣೆ ಬರಲ್ಲ. ವೀಣೆ ಸುಮಾರು ನಾಲ್ಕು ಅಡಿ ಉದ್ದ. ಹಾಗಾಗಿ ಚಿತ್ರ ಅಡ್ಡಲಾಗಿಯೇ ಇರಲಿ. ಕ್ಯಾಮೆರಾವನ್ನು ಒಂದು ಸಣ್ಣ ಸ್ಟ್ಯಾಂಡ್ ಮೇಲೆ ನಿಮ್ಮ ಎದೆಯ ಮಟ್ಟದಲ್ಲಿ, ಎಡಗೈ ಕಡೆಗೆ ತುಸು ಸರಿಸಿ ಇಡಿ. 24 ಮೆಟ್ಟಿಲೂ ಕಾಣಬೇಕು, ತಂತಿ ಎಳೆಯುವ ಬೆರಳು ಕಾಣಬೇಕು. ಕಲಿಯುವವರು ನೋಡುವುದು ಅದನ್ನೇ ಅಲ್ವಾ? ತುದಿಯ ಯಾಳಿ ಮುಖ ಫ್ರೇಮಿನಿಂದ ಆಚೆ ಹೋದರೂ ಪರವಾಗಿಲ್ಲ.

ಜನ ಹೊರಟುಹೋಗುವುದಕ್ಕೆ ಚಿತ್ರಕ್ಕಿಂತ ನಿಮ್ಮ ಮೊದಲ ಹತ್ತು ನಿಮಿಷವೇ ಕಾರಣ ಅಂತ ನನ್ನ ಅನುಮಾನ. ಹೆಚ್ಚಿನವರು ಮಾಡುವುದು ಹೀಗೆ. ಲೈವ್ ಒತ್ತುತ್ತಾರೆ, ‘ಕೇಳಿಸ್ತಿದೆಯಾ?’ ಅನ್ನುತ್ತಾರೆ, ಸ್ಕ್ರೀನ್ ನೋಡುತ್ತಾ ಕೂರುತ್ತಾರೆ. ಯೂಟ್ಯೂಬ್‌ನ ನಾರ್ಮಲ್ ಲೇಟೆನ್ಸಿಯಲ್ಲಿ (ಲೇಟೆನ್ಸಿ ಅಂದರೆ ಲೈವ್ ನೋಡುವವರಿಗೆ ತಲುಪುವ ತಡ) ನಿಮ್ಮ ಮಾತು ಅವರಿಗೆ ತಲುಪಿ ಉತ್ತರ ಬರುವಷ್ಟರಲ್ಲಿ ಅರ್ಧ ನಿಮಿಷ ಆಗಿರಬಹುದು. ಅಷ್ಟೂ ಹೊತ್ತು ನೋಡುವವರ ಮುಂದೆ ಖಾಲಿ ಮುಖ. ಆಮೇಲೆ ಶ್ರುತಿ ಮಾಡುವುದು. ಕಚೇರಿಗೆ ಬಂದವರು ಕುರ್ಚಿ ಬಿಟ್ಟು ಏಳಲು ಸಂಕೋಚಪಡುತ್ತಾರೆ, ಮೊಬೈಲ್ ಹಿಡಿದವರಿಗೆ ಅದೇನಿಲ್ಲ.

ಶ್ರುತಿ ಲೈವ್‌ಗೆ ಮೊದಲೇ ಮುಗಿದಿರಲಿ. ಧ್ವನಿ ಪರೀಕ್ಷೆಗೆ ‘ಅನ್‌ಲಿಸ್ಟೆಡ್’ (ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ) ಆಗಿ ಒಂದು ಲೈವ್ ಮಾಡಿ, ಮನೆಯವರ ಫೋನಿನಲ್ಲಿ ಕೇಳಿ ನೋಡಿ. ನಿಜವಾದ ಲೈವ್ ನೇರವಾಗಿ ಒಂದು ವರ್ಣದಿಂದ ಶುರುವಾಗಲಿ. ಪ್ರಶ್ನೆ ಕೇಳುವುದಿದ್ದರೆ ಕೃತಿ ಶುರು ಮಾಡುವ ಮುನ್ನ ಕೇಳಿ, ಅದು ಮುಗಿದ ಮೇಲೆ ಉತ್ತರ ಓದಿ. ‘ಅಲ್ಟ್ರಾ ಲೋ ಲೇಟೆನ್ಸಿ’ ಹಾಕಿದರೆ ಮಾತುಕತೆ ಬೇಗ ನಡೆಯುತ್ತದೆ, ನಿಜ. ಆದರೆ ನೆಟ್ ಸ್ವಲ್ಪ ತಡವರಿಸಿದರೂ ನೋಡುವವರಲ್ಲಿ ಚಿತ್ರ ನಿಂತುಬಿಡುತ್ತದೆ. ಆಲಾಪನೆ ಮಧ್ಯೆ ತಡೆದು ನಿಲ್ಲುವುದಕ್ಕಿಂತ ಕಾಮೆಂಟ್ ತಡವಾಗಿ ಬರುವುದೇ ವಾಸಿ.

ಮುಂದೆ ಎರಡನೇ ಕ್ಯಾಮೆರಾ ತಗೊಂಡರೂ ಆಲಾಪನೆ, ತಾನದ ನಡುವೆ ಶಾಟ್ ಬದಲಿಸಬೇಡಿ. ಪಲ್ಲವಿ ಮುಗಿದು ಅನುಪಲ್ಲವಿಗೆ ಹೋಗುವಾಗ ಬದಲಿಸಿ. ಆಗ ಬದಲಿಸಿದ್ದೇ ಗೊತ್ತಾಗಲ್ಲ. ಮತ್ತೆ, ಲೈವ್ ಮಾಡಲು ಒಬಿಎಸ್ ತಂತ್ರಾಂಶ ಬಳಸುತ್ತಿದ್ದು, ಅದರಲ್ಲಿ ‘ನಾಯ್ಸ್ ಸಪ್ರೆಷನ್’ (ಗದ್ದಲ ತಗ್ಗಿಸುವುದು) ಹಾಕಿದ್ದರೆ ತೆಗೆಯಿರಿ. ಒಂದೇ ಸಮನೆ ಬರುವ ತಂಬೂರಿ ನಾದವನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕುತ್ತದೆ.

ಪ್ರಶ್ನೆ: ಗೇಮ್ ಲೈವ್ ಮಾಡುತ್ತೇನೆ. ಬೋರ್ ಆಗದಿರಲಿ ಅಂತ ನಿಮಿಷಕ್ಕೊಮ್ಮೆ ಸೀನ್ ಬದಲಿಸುತ್ತೇನೆ, ಅನಿಮೇಷನ್ ಹಾಕುತ್ತೇನೆ. ಬದಲಿಸಿದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.
– ಓದುಗರೊಬ್ಬರು, ಹಾಸನ

ಉತ್ತರ: ಸುಮ್ನೆ ಬದಲಿಸುತ್ತಿದ್ದೀರಿ. ಲೈವ್ ವಿಡಿಯೊದಲ್ಲಿ ಮುಖ್ಯವಾಗಿ ಹೋಗುವುದು ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರುವ ವ್ಯತ್ಯಾಸ. ಇಡೀ ಸ್ಕ್ರೀನ್ ಒಮ್ಮೆಲೇ ಬದಲಾದರೆ ಎಲ್ಲವನ್ನೂ ಹೊಸದಾಗಿ ಕಳಿಸಬೇಕು. ನೀವು ಕೊಟ್ಟ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಅದಕ್ಕೆ ಸಾಲಲ್ಲ, ಚಿತ್ರ ಒಡೆಯುತ್ತದೆ. 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜೆನಿಫರ್ ರಿಂಗ್ಲಿ ಅನ್ನುವ ಕಾಲೇಜು ಹುಡುಗಿ ತನ್ನ ಕೋಣೆಯಲ್ಲಿ ವೆಬ್‌ಕ್ಯಾಮ್ ಇಟ್ಟು ‘ಜೆನ್ನಿಕ್ಯಾಮ್’ ಶುರು ಮಾಡಿದಾಗ 3 ನಿಮಿಷಕ್ಕೊಂದು ಕಪ್ಪು ಬಿಳುಪು ಚಿತ್ರ ಬರುತ್ತಿತ್ತು, ಅಷ್ಟೇ. ಅದಕ್ಕೂ ಜನ ಕಾದು ನೋಡಿದರು. ನಿಮ್ಮದು ಗೇಮ್, ಅದರಲ್ಲೇ ಬೇಕಾದಷ್ಟು ಓಟ ಇದೆ. ಸೀನ್ ಬದಲಿಸುವುದನ್ನು ಒಂದು ಮ್ಯಾಚ್ ಮುಗಿದ ಮೇಲೆ ಇಟ್ಟುಕೊಳ್ಳಿ. ಕೀಫ್ರೇಮ್ ಇಂಟರ್ವಲ್ (ಪೂರ್ತಿ ಚಿತ್ರವನ್ನು ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು ಅನ್ನುವುದು) 2 ಸೆಕೆಂಡ್ ಇರಲಿ. ಅಪ್‌ಲೋಡ್ ವೇಗ ಕಡಿಮೆ ಇದ್ದರೆ ಚಿತ್ರದ ರೆಸಲ್ಯೂಷನ್ 1080 ಬಿಟ್ಟು 720ಕ್ಕೆ ಇಳಿಯಿರಿ.