ಹಳೇ ಮನೆ ಮಾರುವ ಮುಂಚೆ ದುಡ್ಡು ಎಲ್ಲಿಗೆ ಹಾಕಬೇಕು?

ಅಪ್ಪ 35 ವರ್ಷದ ಹಿಂದೆ ಕಟ್ಟಿಸಿದ ಮನೆ ಮಾರಬೇಕು, ಅಮ್ಮ ಇನ್ನೂ ಅಲ್ಲೇ ಇದ್ದಾರೆ, ಕೈಯಲ್ಲಿ ಎರಡು ಲಕ್ಷ ಇದೆ ಎಂದಿದ್ದೀರಿ. ಮಾಡ್ಯುಲರ್ ಕಿಚನ್ ಹಾಕಿಸಿ, ಬಾಡಿಗೆಗೆ ಸೋಫಾ ತಂದು ಹೋಮ್ ಸ್ಟೇಜಿಂಗ್ (ಮಾರಲೆಂದು ಮನೆ ಸಿಂಗರಿಸುವುದು) ಮಾಡಿಸಿದರೆ ರೇಟು ಜಾಸ್ತಿ ಸಿಗುತ್ತದಾ ಎಂಬುದು ನಿಮ್ಮ ಪ್ರಶ್ನೆ.

ಕಿಚನ್ ಬೇಡ. ಮೊದಲು ತಾರಸಿ ನೋಡಿ.

ನಾವು ಮಾರಿದ್ದು ಮೈಸೂರಿನ ಕುವೆಂಪುನಗರದ ಮನೆ. 30x40 ಸೈಟು, ಅಪ್ಪ ಕಟ್ಟಿಸಿದ್ದು 1986ರಲ್ಲಿ. ಹಿಂದಿನ ಕೋಣೆಯ ಗೋಡೆಯಲ್ಲಿ ಮಳೆಗಾಲಕ್ಕೆ ತೇವ ಏಳುತ್ತಿತ್ತು. ನಾನು ಮೇ ತಿಂಗಳಲ್ಲಿ ಅದರ ಮೇಲೇ ಪುಟ್ಟಿ ಬಳಿಸಿ ಬಣ್ಣ ಹೊಡೆಸಿದೆ. ಜೂನ್‌ನಲ್ಲಿ ಮನೆ ನೋಡಲು ಒಬ್ಬ ಹಿರಿಯರು ಬಂದರು. ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ನೇರವಾಗಿ ಆ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದರು. "ಇದೊಂದು ಗೋಡೆಗೆ ಹೊಸ ಬಣ್ಣ ಅಲ್ವಾ?" ಎಂದರು. ಆಮೇಲೆ ಅವರು ಫೋನ್ ಎತ್ತಲಿಲ್ಲ. ಅವರದೇನೂ ತಪ್ಪಿಲ್ಲ. ಒಂದು ಕಡೆ ಮುಚ್ಚಿಟ್ಟವನು ಇನ್ನೂ ಎಷ್ಟು ಕಡೆ ಮುಚ್ಚಿಟ್ಟಿದ್ದಾನೋ ಎಂದು ಯಾರಿಗಾದರೂ ಅನಿಸುತ್ತದೆ.

ಅಷ್ಟರಲ್ಲಿ ಆಷಾಢ ಬಂತು. ಆ ತಿಂಗಳು ನಮ್ಮ ಕಡೆ ಮನೆ ವ್ಯವಹಾರಕ್ಕೆ ಕೈ ಹಾಕುವವರು ಕಡಿಮೆ. ಮನೆ ತೋರಿಸುವುದನ್ನು ನಿಲ್ಲಿಸಿ, ಮಳೆ ಬಿಡುವು ಕೊಟ್ಟಾಗಲೆಲ್ಲ ರಿಪೇರಿ ಮಾಡಿಸಿದೆವು. ಮೇಲೆ ಹತ್ತಿ ನೋಡಿದರೆ ಹೊಂಗೆ ಎಲೆ ತುಂಬಿ ನೀರು ಹೋಗುವ ಕೊಳವೆ ಕಟ್ಟಿಕೊಂಡಿತ್ತು. ಮೂಲೆಯಲ್ಲಿ ಇಳಿಜಾರು ತಪ್ಪಿ ನೀರು ನಿಲ್ಲುತ್ತಿತ್ತು. ಗಾರೆ ಮೇಸ್ತ್ರಿ ಆ ಮೂಲೆಯ ಹಳೇ ಗಾರೆ ಕಿತ್ತು, ಇಳಿಜಾರು ಸರಿ ಮಾಡಿ, ವಾಟರ್‌ಪ್ರೂಫ್ ಕೋಟಿಂಗ್ ಹಾಕಿದರು. ಆಮೇಲೆ ಕೊಳವೆಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿದೆವು. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ. ಆದರೂ ಗೋಡೆಗೆ ತಕ್ಷಣ ಬಣ್ಣ ಹೊಡೆಸಬೇಡಿ. ಒಳಗಿನ ತೇವ ಆರಲು ವಾರಗಟ್ಟಲೆ ಬೇಕು. ಹಸಿ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಹಪ್ಪಳದ ಹಾಗೆ ಏಳುತ್ತದೆ. ನಾವು ಬಣ್ಣ ಹೊಡೆಸಿದ್ದು ದಸರಾ ಕಳೆದ ಮೇಲೆ.

ಕೆಲಸ ನಡೆಯುವಾಗ ಫೋಟೋ ತೆಗೆದಿಟ್ಟಿದ್ದೆ. ಮುಂದೆ ಬಂದವರಿಗೆಲ್ಲ "ಇಲ್ಲಿ ಸೋರುತ್ತಿತ್ತು, ಹೀಗೆ ಸರಿ ಮಾಡಿಸಿದೆವು" ಎಂದು ನಾನೇ ಮೊದಲು ಹೇಳಿ, ಫೋಟೋ ಮತ್ತು ಬಿಲ್ಲು ತೋರಿಸಿದೆ. ಇದರಿಂದ ಆದಷ್ಟು ಉಪಕಾರ ಬೇರೆ ಯಾವ ಖರ್ಚಿನಿಂದಲೂ ಆಗಲಿಲ್ಲ.

ಮಾಡ್ಯುಲರ್ ಕಿಚನ್ ಯಾಕೆ ಬೇಡ ಅಂದರೆ, ಕೊಂಡವರು ಅದನ್ನು ಕಿತ್ತು ತಮಗೆ ಬೇಕಾದ ಹಾಗೆ ಹಾಕಿಸುತ್ತಾರೆ. ಒಲೆ ಯಾವ ಮೂಲೆಗೆ ಬರಬೇಕು ಎಂದು ಅವರ ಮನೆಯ ವಾಸ್ತುವಿನವರು ಹೇಳುತ್ತಾರೆ. ನೀವು ಉಪ್ಪುನೀರಿನ ಕಲೆ ಹಿಡಿದ ನಲ್ಲಿ ಬದಲಿಸಿ, ಸಿಂಕ್ ಉಜ್ಜಿಸಿ, ಹರಿದ ಸೊಳ್ಳೆ ಪರದೆ ಹೊಸದು ಹಾಕಿಸಿ, ಮಂಕಾದ ಟ್ಯೂಬ್‌ಲೈಟ್ ತೆಗೆಸಿ. ಅಷ್ಟು ಸಾಕು.

ನೆಲ ರೆಡ್ ಆಕ್ಸೈಡ್ ಆಗಿದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಆಸಿಡ್ ಅಂತೂ ಸುರಿಯಲೇಬೇಡಿ, ಮೇಲಿನ ನುಣುಪೇ ಹೋಗುತ್ತದೆ. ಸೋಪಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಸ್ವಲ್ಪೇ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಬಟ್ಟೆಯಲ್ಲಿ ತಿಕ್ಕಬೇಕು. ನಮ್ಮ ಮನೆ ಕೊಂಡವರು ಮೊದಲ ಸಲ ಬಂದಾಗ ಕುರ್ಚಿ ಬೇಡವೆಂದು ಆ ನೆಲದ ಮೇಲೇ ಕೂತು ಮಾತಾಡಿದರು.

ಸೋಫಾ ಬಾಡಿಗೆಗೆ ತರಬೇಡಿ. ಇರುವ ಸಾಮಾನಲ್ಲಿ ಅರ್ಧ ತೆಗೆದರೆ ಹಾಲ್ ತಾನಾಗಿ ದೊಡ್ಡದಾಗುತ್ತದೆ. ಹಾಗಂತ ಪೂರ್ತಿ ಖಾಲಿ ಮಾಡಬೇಡಿ. ಕೋಣೆಯಲ್ಲಿ ಒಂದು ಮಂಚ ಇದ್ದರೆ "ಇಲ್ಲಿ ಮಂಚ, ಇಲ್ಲಿ ಬೀರು" ಎಂದು ನೋಡುವವರಿಗೆ ಅಂದಾಜು ಸಿಗುತ್ತದೆ. ಮುಚ್ಚಿದ ಕೋಣೆಯ ಮುಗ್ಗಲು ವಾಸನೆ ಹೋಗಲು ಒಂದು ವಾರ ಕಿಟಕಿ ತೆರೆದಿಡಿ. ಸುಮ್ನೆ ಊದುಬತ್ತಿ ಹಚ್ಚಿದರೆ ಇನ್ನೊಂದು ಅನುಮಾನ ಹುಟ್ಟುತ್ತದೆ. ಪೂರ್ವದ ಬಾಗಿಲಾದರೆ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬರಲು ಹೇಳಿ, ಬಿಸಿಲು ಒಳಗಿರುತ್ತದೆ. ರಾಹುಕಾಲ ನೋಡುವವರೂ ಇರುತ್ತಾರೆ, ಆ ಹೊತ್ತು ತಪ್ಪಿಸಿ.

ಕಾಗದ ಪತ್ರ ಬಣ್ಣಕ್ಕಿಂತ ಮುಖ್ಯ. ನಮ್ಮ ಸೈಟು ಕೊಟ್ಟಿದ್ದು ಸಿಐಟಿಬಿ (ಆಗ ಸೈಟು ಹಂಚುತ್ತಿದ್ದ ಮಂಡಳಿ), ಅದರ ಜಾಗಕ್ಕೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಬಂದಿದ್ದು 1988ರಲ್ಲಿ. ಹೀಗಾಗಿ ಹಳೇ ಪತ್ರಗಳನ್ನು ಕ್ರಮವಾಗಿ ಜೋಡಿಸುವುದೇ ಒಂದು ತಿಂಗಳ ಕೆಲಸವಾಯಿತು. ಕ್ರಯಪತ್ರ, ಖಾತಾ, ಕಂದಾಯದ ರಸೀದಿ, ಮಂಜೂರಾದ ಪ್ಲಾನ್, 30 ವರ್ಷದ ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ಅಪ್ಪ ಇಲ್ಲದಿದ್ದರೆ ವಂಶವೃಕ್ಷ, ಎಲ್ಲ ಒಂದೇ ಫೈಲಿನಲ್ಲಿರಲಿ. ಅಣ್ಣ, ತಂಗಿ, ಅಮ್ಮ ಎಲ್ಲರೂ ಸಹಿಗೆ ಒಪ್ಪಿದ್ದಾರೆ ಎಂದು ಖಚಿತವಾದ ಮೇಲೆಯೇ ಪೇಂಟರ್‌ಗೆ ಅಡ್ವಾನ್ಸ್ ಕೊಡಿ. ಬೆಲೆ 50 ಲಕ್ಷ ಅಥವಾ ಜಾಸ್ತಿ ಆದರೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ (ನಿಮ್ಮ ಹೆಸರಲ್ಲಿ ಮೊದಲೇ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದು ನಿಮಗೆ ಮೊದಲೇ ಗೊತ್ತಿರಲಿ. ಬಂದ ಲಾಭಕ್ಕೆ ತೆರಿಗೆ ಎಷ್ಟು ಎಂದು ಆಡಿಟರ್ ಹತ್ತಿರ ಮುಂಚೆಯೇ ಕೂತು ಲೆಕ್ಕ ಹಾಕಿಸಿ.

ಇನ್ನು ಅಮ್ಮನ ವಿಷಯ. ಇದು ನಿಜವಾಗಿ ಮೊದಲೇ ಬರೆಯಬೇಕಿತ್ತು. ಯಾವ ಸಾಮಾನು ಹೋಗಬೇಕು, ಯಾವುದು ಉಳಿಯಬೇಕು ಎಂದು ಅವರೇ ಹೇಳಲಿ. ನಮ್ಮಮ್ಮ ಬೀರು, ಸೋಫಾ ಎಲ್ಲ ಕೊಟ್ಟುಬಿಟ್ಟರು. ತಾಮ್ರದ ಹಂಡೆ ಮತ್ತು ತುಳಸಿ ಗಿಡ ಮಾತ್ರ ಬಿಡಲಿಲ್ಲ. ಮನೆ ತೋರಿಸಲು ವಾರಕ್ಕೆ ಎರಡೇ ದಿನ ಇಟ್ಟುಕೊಳ್ಳಿ, ಅವರ ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು. ಬಂದವರು "ಇದನ್ನು ಒಡೆದು ಹಾಕೋಣ, ಅದನ್ನು ಕೆಡವೋಣ" ಎಂದು ಮಾತಾಡುತ್ತಾರೆ. ಅದು ಅಮ್ಮನ ಕಿವಿಗೆ ಬೀಳದಿರಲಿ. ಆಗುವುದಾದರೆ ಆ ಎರಡು ದಿನ ಅವರನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ.