ಏಡಿ ವ್ಯಾಪಾರಿಗಳ ಹತ್ತು ವರ್ಷದ ತೂಕದ ಲೆಕ್ಕ ಸಿಕ್ಕಿದೆ. ಇದರಿಂದ ಎಷ್ಟು ಏಡಿ ಹಿಡಿಯಬಹುದು ಅಂತ ಮಿತಿ ಹಾಕಬಹುದೇ?

ಮಲ್ಪೆ ಬಂದರಿನಲ್ಲಿ ಇಂಥದೇ ಲೆಕ್ಕ ಹಿಡಿದುಕೊಂಡು ನಾನೂ ಓಡಾಡಿದ್ದೇನೆ. ದಕ್ಕೆಗೆ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಗೆ, ಬಂದ ಏಡಿಯ ತೂಕ ಬರೆದುಕೊಳ್ಳುತ್ತಿದ್ದೆ. ಒಟ್ಟು ಕಿಲೋವನ್ನು ಟ್ರಿಪ್ಪುಗಳಿಂದ ಭಾಗಿಸಿದಾಗ ಇಳಿಕೆಯೇ ಕಾಣಲಿಲ್ಲ. ಏಡಿಗೇನೂ ತೊಂದರೆಯಿಲ್ಲ ಅಂತ ವರದಿ ಕೊಟ್ಟೆ.

ನಾನು ಎಡವಿದ್ದು ಆ ಭಾಗಾಕಾರದಲ್ಲಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟಿಗೂ ಒಂದು ಟ್ರಿಪ್ಪು, ಐಸ್ ತುಂಬಿಕೊಂಡು ವಾರವಿಡೀ ಹೊರಗಿರುವ ಬೋಟಿಗೂ ಒಂದು ಟ್ರಿಪ್ಪು ಅಂತ ಬರೆದಿದ್ದೆ. ಅಷ್ಟರಲ್ಲಿ ವಾರದ ಬೋಟುಗಳೇ ಜಾಸ್ತಿಯಾಗಿದ್ದವು. ಟ್ರಿಪ್ಪಿನ ಏಡಿ ಅಷ್ಟೇ ಇದೆ ಅಂದರೆ ಗಂಟೆಗೆ ಸಿಗುವ ಏಡಿ ಇಳಿದಿದೆ ಅಂತಲೇ ಅರ್ಥ, ಅಲ್ವಾ? ಬೋಟು ನಡೆಸುವ ಒಬ್ಬ ತಂಡೇಲರು ವರದಿ ನೋಡಿ, "ಬಲೆ ಎಷ್ಟು ಗಂಟೆ ಎಳೆದೆವು ಅಂತ ನೀವು ಕೇಳಲೇ ಇಲ್ಲವಲ್ಲ" ಅಂದರು. ಆ ಗಂಟೆಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಹಳೆಯ ಪುಸ್ತಕಗಳಷ್ಟೂ ಆ ಕೆಲಸಕ್ಕೆ ಬಾರದೆ ಹೋದವು.

ನಿಮ್ಮ ಕೈಯಲ್ಲಿರುವುದು ಮಾರಾಟದ ಲೆಕ್ಕ, ಕಡಲಿನದ್ದಲ್ಲ. ವ್ಯಾಪಾರಿ ಕೊಳ್ಳದ ಸಣ್ಣ ಏಡಿಯನ್ನು ಬೋಟಿನಿಂದಲೇ ಎಸೆದಿರುತ್ತಾರೆ. ಜೂನ್, ಜುಲೈನ ಸೊನ್ನೆ ಮಳೆಗಾಲದ ಮೀನುಗಾರಿಕೆ ನಿಷೇಧದ ಸೊನ್ನೆ, ಏಡಿ ಇಲ್ಲದ ಸೊನ್ನೆಯಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಹಿಡಿದ ಏಡಿಯ ಲೆಕ್ಕವನ್ನಷ್ಟೇ ನಂಬಿ ಕೂರುವುದಿಲ್ಲ. 1990ರಿಂದ ಪ್ರತಿ ಚಳಿಗಾಲ, ಏಡಿಗಳು ಕೆಸರಿನಲ್ಲಿ ಹುದುಗಿರುವಾಗ, ಸುಮಾರು 1,500 ಕಡೆ ತಳ ಕೆರೆದು ಎಣಿಸುತ್ತಾರೆ. ಆ ಎಣಿಕೆ ನೋಡಿಯೇ ಹೆಣ್ಣೇಡಿ ಹಿಡಿಯುವುದನ್ನು 2008ರಲ್ಲಿ ಅಲ್ಲಿ ಗಟ್ಟಿಯಾಗಿ ಕಡಿತ ಮಾಡಿದರು.

ಅದಕ್ಕೇ ಹೇಳುತ್ತೇನೆ, ಮಿತಿಯ ಮಾತು ಈಗ ಬೇಡ. ದಕ್ಕೆಗೆ ಹೋಗಿ ಏಡಿ ಮಗುಚಿ ನೋಡಿ. ಹೊಟ್ಟೆಯ ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಬೆಳೆದ ಹೆಣ್ಣು. ಅದರಡಿ ಮೊಟ್ಟೆ ಮೊದಲು ಕಿತ್ತಳೆ ಬಣ್ಣ, ಮರಿ ಹೊರಬರುವ ಹೊತ್ತಿಗೆ ಕಪ್ಪು. ಗಂಡೋ ಹೆಣ್ಣೋ, ಚಿಪ್ಪಿನ ಅಗಲ, ಮೊಟ್ಟೆಯ ಬಣ್ಣ, ಬಲೆ ಎಳೆದ ಗಂಟೆ, ಎಷ್ಟು ಆಳದಲ್ಲಿ ಅನ್ನುವುದನ್ನು ಬರೆಯಿರಿ. ಬರೆಯುವ ಕೆಲಸ ತಂಡೇಲರದ್ದೇ ಆಗಲಿ, ಅವರಿಗೆ ಅದಕ್ಕೆ ದುಡ್ಡು ಕೊಡಿ. ಇನ್ನು, ಜೀವಂತ ಸಿಕ್ಕ ಮೊಟ್ಟೆಯೇಡಿಯನ್ನು ನೀರಿಗೆ ಬಿಡಿ ಅನ್ನಲು ಯಾವ ಲೆಕ್ಕಕ್ಕೂ ಕಾಯಬೇಕಿಲ್ಲ. ಅದನ್ನು ನಾಳೆಯೇ ಶುರು ಮಾಡಬಹುದು.