ಪ್ರಶ್ನಾವಳಿ ಹಂಚಲೋ, ಕೂತು ಮಾತಾಡಿಸಲೋ?

ಪ್ರಶ್ನೆ: ನಾನು ಮನಃಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಪಿಯುಸಿ ಮಕ್ಕಳ ಮೊಬೈಲ್ ಬಳಕೆ ಮತ್ತು ಖಿನ್ನತೆ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪ್ರಶ್ನಾವಳಿ ಕೊಟ್ಟರೆ ಮಕ್ಕಳು ನಿಜ ಬರೆಯುತ್ತಾರಾ, ಅಥವಾ ಸಂದರ್ಶನವೇ ವಾಸಿಯಾ? ಇರುವುದು ಮೂರೇ ತಿಂಗಳು.

ಉತ್ತರ: ಎರಡೂ ಮಾಡಿ. ಆದರೆ ಮೊದಲು ಮಾತು, ಆಮೇಲೆ ಕಾಗದ.

ಬೇಕೆಂದೇ ಸುಳ್ಳು ಬರೆಯುವವರು ಕಡಿಮೆ. ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೇವೆ ಅಂತ ನಮಗೇ ಗೊತ್ತಿರುವುದಿಲ್ಲ, ಅಲ್ವಾ? ಆಗ ನೀವು ಕೊಟ್ಟ ಆಯ್ಕೆಗಳನ್ನೇ ನೋಡಿ ಅಂದಾಜು ಮಾಡುತ್ತಾರೆ. ಮನಃಶಾಸ್ತ್ರಜ್ಞ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಜನ ದಿನಕ್ಕೆ ಎಷ್ಟು ಗಂಟೆ ಟಿ.ವಿ. ನೋಡುತ್ತಾರೆ ಅಂತ ಕೇಳಿ, 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಕೊಟ್ಟ ಆಯ್ಕೆಗಳು 'ಅರ್ಧ ಗಂಟೆಯವರೆಗೆ' ಎಂದು ಶುರುವಾಗಿ 'ಎರಡೂವರೆ ಗಂಟೆಗಿಂತ ಹೆಚ್ಚು' ಎಂದು ಮುಗಿಯುತ್ತಿದ್ದವು. ಉಳಿದವರಿಗೆ ಶುರುವೇ 'ಎರಡೂವರೆ ಗಂಟೆಯವರೆಗೆ'. ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಅಂದವರು ಮೊದಲ ಗುಂಪಿನಲ್ಲಿ ಶೇ 16.2, ಎರಡನೆಯದರಲ್ಲಿ ಶೇ 37.5! ಹಾಗಾಗಿ ಆಯ್ಕೆ ಕೊಡಬೇಡಿ, ಜಾಗ ಖಾಲಿ ಬಿಡಿ. ಇನ್ನೂ ಒಳ್ಳೆಯದು, ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಲೆಕ್ಕವನ್ನೇ ನೋಡಿ ಬರೆಯಲು ಹೇಳಿ.

ಮೊದಲು ಮಾತು ಅಂದದ್ದು ಪದಗಳಿಗಾಗಿ. ನಮ್ಮ ಮಕ್ಕಳು 'ಖಿನ್ನತೆ' ಅನ್ನುವುದಿಲ್ಲ, 'ಬೇಜಾರು' ಅನ್ನುತ್ತಾರೆ. ಕ್ಲಾಸು ಬೋರಾದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಏಳೆಂಟು ಮಕ್ಕಳ ಜೊತೆ ಕೂತು, ಯಾವ ಬೇಜಾರಿಗೆ ಏನನ್ನುತ್ತಾರೆ ಕೇಳಿಸಿಕೊಳ್ಳಿ. 'ರಾತ್ರಿಯೆಲ್ಲಾ ಮೊಬೈಲ್ ನೋಡ್ತೀಯಲ್ವಾ?' ಅಂದರೆ ಕೆಲಸ ಕೆಟ್ಟಿತು. ಒಬ್ಬ ತಲೆಯಾಡಿಸುತ್ತಾನೆ, ಇನ್ನೊಬ್ಬ ಹೆದರಿ ಇಲ್ಲ ಅನ್ನುತ್ತಾನೆ. 'ನಿನ್ನೆ ಊಟ ಆದಮೇಲೆ ಏನೇನು ಮಾಡಿದೆ?' ಅಂತ ಕೇಳಿ, ಸುಮ್ಮನಿರಿ.

ಕಾಗದ ಹಂಚುವಾಗ ಲೆಕ್ಚರರ್ ಕೋಣೆಯಲ್ಲಿ ಇರಬಾರದು. ನಾನೊಮ್ಮೆ ಈ ತಪ್ಪು ಮಾಡಿದ್ದೆ. ಅವರು ಬೆಂಚುಗಳ ನಡುವೆ ಓಡಾಡುತ್ತಾ ಇಣುಕಿದರು. ಆ ದಿನ ಕಾಲೇಜಿನಲ್ಲಿ ಒಬ್ಬರಿಗೂ ಒಂದು ಚಿಂತೆಯೂ ಇರಲಿಲ್ಲ! ಅಷ್ಟೂ ಹಾಳೆ ರದ್ದಿಗೆ.

ಖಿನ್ನತೆ ಅಳೆಯಲು ನೀವಾಗಿಯೇ ಪ್ರಶ್ನೆ ಹೊಸೆಯಬೇಡಿ. ಪಿಎಚ್‌ಕ್ಯೂ-9 ಅನ್ನುವ ಸಿದ್ಧ ಪ್ರಶ್ನಾವಳಿಯ ಕನ್ನಡ ರೂಪ ಇದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅಂಕ ಜಾಸ್ತಿ ಬಂದರೆ ಕಾಯಿಲೆ ಇದೆ ಅಂತಲ್ಲ, ವಿಚಾರಿಸಬೇಕು ಅಂತ.

ಒಂಬತ್ತನೆಯ ಪ್ರಶ್ನೆ ಮಾತ್ರ ಜೋಪಾನ. ಸಾಯುವ ಅಥವಾ ತನ್ನನ್ನೇ ನೋಯಿಸಿಕೊಳ್ಳುವ ಯೋಚನೆ ಬಂದಿದೆಯಾ ಎಂದು ಅದು ಕೇಳುತ್ತದೆ. ಹೆಸರೇ ಬೇಡ ಅಂದರೆ ಮಕ್ಕಳು ಮನಸ್ಸು ಬಿಚ್ಚುತ್ತಾರೆ, ಆದರೆ 'ಹೌದು' ಅಂದ ಮಗು ಯಾರೆಂದು ನಿಮಗೆ ತಿಳಿಯುವುದಿಲ್ಲ. ಹೆಸರಿನ ಬದಲು ನಂಬರ್ ಕೊಡಿ, ಅದರ ಪಟ್ಟಿ ನಿಮ್ಮ ಗೈಡ್ ಹತ್ತಿರ ಮಾತ್ರ ಇರಲಿ. ಈ ವಿಷಯವನ್ನು ಮಕ್ಕಳಿಗೆ ಮೊದಲೇ ಹೇಳಿ. ಹದಿನೆಂಟು ತುಂಬದವರಾದ್ದರಿಂದ ಹೆತ್ತವರ ಒಪ್ಪಿಗೆಯೂ ಬೇಕು. ಎಲ್ಲ ಹಾಳೆಯ ಕೆಳಗೂ ಟೆಲಿ ಮಾನಸ್ ಸಹಾಯವಾಣಿ 14416 ಅಚ್ಚು ಹಾಕಿಸಿ. ಹಾಳೆಗಳನ್ನು ಅವತ್ತೇ ಸಂಜೆ ನೋಡಿ ಮುಗಿಸಿ, ಮೂರನೇ ತಿಂಗಳಿಗೆ ಅಂತ ಕಟ್ಟಿಡಬೇಡಿ.